ನಿಮ್ಮ ಹೆಸರಿನ ಲೆಕ್ಕವನ್ನು ನೀವೇ ತೆರೆದು ನೋಡಿರಿ



ಪುನರುತ್ಥಾನದ ದಿನ ಪ್ರತಿಯೊಬ್ಬನ ಮುಂದೆ ಅವನ ಕರ್ಮಗ್ರಂಥವನ್ನು ತೆರೆದಿಡಲಾಗುವುದು, ಅದನ್ನು ಸ್ವತಃ ಓದಿಕೊಳ್ಳುವಂತೆ ಅವನಿಗೆ ಹೇಳಲಾಗುವುದು ಎಂದು ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯ ನಮಗೆ ತಿಳಿಸುತ್ತದೆ. ಆ ದಿನ ಓದಬಹುದು, ಆದರೆ ತಿದ್ದಲು ಬರುವುದಿಲ್ಲ. ಆದ್ದರಿಂದಲೇ ಖಲೀಫಾ ಉಮರ್(ರ) ಅವರು, ಲೆಕ್ಕ ಕೇಳುವ ದಿನ ಬರುವ ಮೊದಲೇ ನಿಮ್ಮ ಲೆಕ್ಕವನ್ನು ನೀವೇ ನೋಡಿಕೊಳ್ಳಿರಿ ಎಂದು ಜನರನ್ನು ಎಚ್ಚರಿಸುತ್ತಿದ್ದರು.

ಇಹಲೋಕದಲ್ಲಿಯೂ ನಮ್ಮ ಹೆಸರಿನಲ್ಲಿ ಕೆಲವು ಲೆಕ್ಕಗಳು ನಮಗೆ ಅರಿವಿಲ್ಲದಂತೆಯೇ ಬರೆಯಲ್ಪಡುತ್ತವೆ. ಅಂಗಡಿಯ ಉದ್ರಿ ಪುಸ್ತಕ, ಸೊಸೈಟಿಯ ಸಾಲ, ಪಂಚಾಯಿತಿಯ ಮನೆ ತೆರಿಗೆ, ಇವುಗಳ ನೆನಪು ನಮಗಿರುತ್ತದೆ. ನೆನಪಿಲ್ಲದ ಇನ್ನೊಂದು ಲೆಕ್ಕವಿದೆ. ಅದು ನಮ್ಮ ವಾಹನದ ಮೇಲೆ ಬಿದ್ದ ದಂಡದ ಲೆಕ್ಕ. ರೋಣ, ನರಗುಂದ, ಗಜೇಂದ್ರಗಡದ ಕಡೆ ಈಗ ಬೈಕು ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಆದರೆ ತನ್ನ ಬೈಕಿನ ಮೇಲೆ ಎಷ್ಟು ಚಲನ್ ಬಾಕಿ ಇದೆ ಎಂದು ಹೇಳಬಲ್ಲವರು ಎಷ್ಟು ಮಂದಿ? ಇದೊಂದು ಸಣ್ಣ ವಿಷಯವೆಂದು ಪುಟ ತಿರುಗಿಸಬೇಡಿರಿ. ನಮ್ಮ ಪ್ರಾಮಾಣಿಕತೆ ಪರೀಕ್ಷೆಗೊಳಗಾಗುವುದು ದೊಡ್ಡ ಮಾತುಗಳಲ್ಲಲ್ಲ, ಇಂತಹ ಐನೂರು ರೂಪಾಯಿಯ ವಿಷಯಗಳಲ್ಲಿ.

ದಂಡವೂ ಸಾಲವೇ?

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದೆಂದು ಗೊತ್ತೇ? ಅದು ನಮಾಝಿನ ಕುರಿತಲ್ಲ, ಉಪವಾಸದ ಕುರಿತೂ ಅಲ್ಲ. ಅಲ್ ಬಕರ ಅಧ್ಯಾಯದ 282ನೇ ಸೂಕ್ತ, ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂಬುದನ್ನು ಕಲಿಸುತ್ತದೆ. ದಾಖಲೆಯೆಂಬುದು ಅಷ್ಟು ಮಹತ್ವದ್ದು. ಮೂರು ದೀನಾರ್ ಸಾಲ ಉಳಿಸಿ ತೀರಿಕೊಂಡಿದ್ದ ಒಬ್ಬರ ಜನಾಝ ನಮಾಝನ್ನು ನಿರ್ವಹಿಸಲು ಪ್ರವಾದಿ ಮುಹಮ್ಮದ್(ಸ) ಮುಂದೆ ಬರಲಿಲ್ಲ. ಅಬೂ ಕತಾದ(ರ) ಆ ಸಾಲವನ್ನು ತಾವು ವಹಿಸಿಕೊಂಡ ಬಳಿಕವೇ ಅವರು ನಮಾಝ್ ನಿರ್ವಹಿಸಿದರು. ಇದು ಬುಖಾರಿಯಲ್ಲಿ ಬಂದಿರುವ ಘಟನೆ. ಕೇವಲ ಮೂರು ದೀನಾರ್!

“ಇದು ಸರ್ಕಾರ ಹಾಕಿದ ದಂಡ, ನಾನು ಯಾರ ಬಳಿಯೂ ತಂದ ಸಾಲವಲ್ಲವಲ್ಲ?” ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಶಿಕ್ಷೆಯಾಗಿ ಹಣ ವಸೂಲು ಮಾಡಬಹುದೇ ಎಂಬ ಬಗ್ಗೆ ಫಿಕ್ಹ್ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹನಫೀ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಇಮಾಮ್ ಅಬೂ ಯೂಸುಫ್ ಅವಕಾಶ ನೀಡಿದ್ದರೆಂಬ ವರದಿಯಿದೆ. ಆದರೆ ನಮ್ಮ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಲೈಸನ್ಸ್ ಬೇಕೆಂದು ಅರ್ಜಿಗೆ ಸಹಿ ಹಾಕಿದವರು ನಾವು. ಈ ರಸ್ತೆಯನ್ನು ಈ ನಿಯಮದಂತೆ ಬಳಸುತ್ತೇನೆ ಎಂದು ಒಪ್ಪಿಕೊಂಡೇ ವಾಹನವನ್ನು ನಮ್ಮ ಹೆಸರಿಗೆ ಬರೆಸಿಕೊಂಡೆವು. ಮಾಡಿಕೊಂಡ ಕರಾರುಗಳನ್ನು ಪಾಲಿಸಬೇಕೆಂಬ ಆಜ್ಞೆಯಿಂದಲೇ ಅಲ್ ಮಾಇದಃ ಅಧ್ಯಾಯ ಆರಂಭವಾಗುತ್ತದೆ. ಕರಾರಿನ ಅನುಕೂಲವನ್ನು ಅನುಭವಿಸಿ, ಅದರ ಹೊಣೆ ಬಂದಾಗ ಫಿಕ್ಹ್ ಗ್ರಂಥ ಹುಡುಕುವವನು ವಾದದಲ್ಲಿ ಗೆಲ್ಲಬಹುದು, ವಿಶ್ವಾಸದಲ್ಲಿ ಸೋಲುತ್ತಾನೆ.

ಲೆಕ್ಕ ಎಲ್ಲಿ ಇರುತ್ತದೆ?

ಇನ್ನು ವ್ಯವಹಾರಕ್ಕೆ ಬರೋಣ. ದಂಡದ ದಾಖಲೆ ಮೂರು ಕಡೆ ಇರಬಹುದು. ಒಂದು, ಪೊಲೀಸರು ಹಾಕಿದ ಚಲನ್. ಎರಡು, ಸಾರಿಗೆ ಇಲಾಖೆಯ ಅಧಿಕಾರಿಗಳು ತಪಾಸಣೆ ಮಾಡಿ ದಾಖಲಿಸಿದ ಪ್ರಕರಣ. ನಮ್ಮ ಮೂರೂ ತಾಲೂಕುಗಳಿಗೆ ಈ ಕಚೇರಿ ಗದಗಿನಲ್ಲಿದೆ, ನಮ್ಮ ವಾಹನಗಳ ಮೇಲಿನ ಕೆಎ 26 ಎಂಬುದು ಅದರದೇ ಗುರುತು. ಮೂರು, ದಂಡ ಕಟ್ಟದೆ ಹೋದಾಗ ಪ್ರಕರಣ ತಲುಪುವ ನ್ಯಾಯಾಲಯ.

ಮೊದಲು ಕೇಂದ್ರ ಸಾರಿಗೆ ಸಚಿವಾಲಯದ ಇ-ಚಲನ್ ತಾಣವನ್ನು ನೋಡಬೇಕು. ಅದರ ವಿಳಾಸ ಇಚಲನ್ ಡಾಟ್ ಪರಿವಾಹನ್ ಡಾಟ್ ಗವ್ ಡಾಟ್ ಇನ್. ಅಲ್ಲಿ ಚಲನ್ ಸಂಖ್ಯೆಯಿಂದ, ವಾಹನ ಸಂಖ್ಯೆಯಿಂದ ಅಥವಾ ಲೈಸನ್ಸ್ ಸಂಖ್ಯೆಯಿಂದ ಹುಡುಕಬಹುದು. ವಾಹನ ಸಂಖ್ಯೆ ಹಾಕಿದರೆ ಎಂಜಿನ್ ಅಥವಾ ಚಾಸಿ ಸಂಖ್ಯೆಯ ಕೊನೆಯ ಅಂಕಿಗಳನ್ನೂ ಕೇಳುತ್ತದೆ, ಅವು ಆರ್.ಸಿ.ಯಲ್ಲಿ ಇರುತ್ತವೆ. ಸ್ಮಾರ್ಟ್‌ಫೋನ್ ಬಳಸಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಈ ಸೇವೆ ಮಾಡಿಕೊಡಲಿ. ತಂದೆಯ ಸಾಲವನ್ನು ಹುಡುಕಿ ತೀರಿಸುವುದೂ ತಂದೆಯ ಸೇವೆಯೇ.

“ನಾವು ಊರು ಬಿಟ್ಟು ಎಲ್ಲಿಗೆ ಹೋಗ್ತೀವ್ರಿ, ನಮ್ಮ ಗಾಡಿ ಮ್ಯಾಲೆ ಎಲ್ಲಿಯ ದಂಡ?” ಎನ್ನಬೇಡಿರಿ. ನರಗುಂದದ ನಡುವೆಯೇ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಹಾದುಹೋಗಿದೆ. ನಮ್ಮ ತಾಲೂಕುಗಳ ಯುವಕರು ದುಡಿಮೆಗಾಗಿ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಊರಿನ ಬೈಕನ್ನೇ ಒಯ್ಯುತ್ತಾರೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ವೃತ್ತಗಳಲ್ಲಿ ವಾಹನದ ಸಂಖ್ಯೆಯನ್ನು ತಾನೇ ಓದಿಕೊಳ್ಳುವ ಕ್ಯಾಮೆರಾಗಳು ಕೆಲಸ ಆರಂಭಿಸಿದವು. ಅಲ್ಲಿ ಯಾರೂ ಸೀಟಿ ಊದುವುದಿಲ್ಲ, ಕೈ ಅಡ್ಡ ಹಿಡಿಯುವುದಿಲ್ಲ. ಕೆಂಪು ದೀಪ ದಾಟಿದವನಿಗೆ ಯಾರೂ ನೋಡಲಿಲ್ಲವೆಂಬ ಸಮಾಧಾನ. ದಂಡ ಮಾತ್ರ ಗಜೇಂದ್ರಗಡದ ಮನೆಯಲ್ಲಿರುವ ಮಾಲೀಕನ ಹೆಸರಿಗೆ ಬರೆದಾಗಿರುತ್ತದೆ.

ಹಾಗಾದರೆ ನಮಗೆ ಸುದ್ದಿ ಏಕೆ ತಲುಪುವುದಿಲ್ಲ? ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ನಮ್ಮಲ್ಲಿಯೇ ಇದೆ. ಸಂದೇಶ ಹೋಗುವುದು ವಾಹನದ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೆ. ಆ ಸಿಮ್ ಬಿಟ್ಟು ಎಷ್ಟೋ ವರ್ಷಗಳಾಗಿರುತ್ತವೆ, ಅಥವಾ ಅದು ಬೈಕ್ ಮಾರಿದ ಏಜೆಂಟನ ಸಂಖ್ಯೆಯಾಗಿರುತ್ತದೆ. ವಿಳಾಸದ್ದೂ ಇದೇ ಕತೆ. ಗಜೇಂದ್ರಗಡ ಪ್ರತ್ಯೇಕ ತಾಲೂಕಾದದ್ದು 2018ರಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ರೋಣ ತಾಲೂಕು ಎಂದೇ ಇರುತ್ತದೆ. ಅದರಿಂದ ತೊಂದರೆಯಿಲ್ಲ. ಆದರೆ ವಾಸವನ್ನೇ ಬದಲಿಸಿದ್ದರೆ ಮೋಟಾರು ವಾಹನ ಕಾಯಿದೆಯ ಪ್ರಕಾರ 30 ದಿನಗಳೊಳಗೆ ತಿಳಿಸಬೇಕು. ಮನೆಯ ಬಾಗಿಲನ್ನು ತಾನೇ ಮುಚ್ಚಿಕೊಂಡು, ಯಾರೂ ಬಂದು ಹೇಳಲಿಲ್ಲ ಎನ್ನುವುದು ನ್ಯಾಯವಲ್ಲ.

ಸಿಕ್ಕಿದ ಮೇಲೆ ಏನು ಮಾಡಬೇಕು?

ಚಲನ್ ಸಿಕ್ಕ ಕೂಡಲೇ ದುಡ್ಡು ಕಟ್ಟಿಬಿಡಬೇಡಿರಿ. ಮೊದಲು ಓದಿರಿ. ದಿನಾಂಕ, ಸ್ಥಳ, ಅಪರಾಧ, ಕ್ಯಾಮೆರಾ ಚಲನ್ ಆಗಿದ್ದರೆ ಅದರೊಂದಿಗಿರುವ ಚಿತ್ರ, ಇವನ್ನೆಲ್ಲ ನೋಡಿರಿ. ಚಿತ್ರದಲ್ಲಿರುವುದು ನಿಮ್ಮದೇ ವಾಹನವೇ? ನಿಮ್ಮದು ಕಪ್ಪು ಬೈಕು, ಚಿತ್ರದಲ್ಲಿ ಕೆಂಪು ಸ್ಕೂಟರ್ ಇದ್ದರೆ ಯಾರೋ ಸಂಖ್ಯೆಯನ್ನು ತಪ್ಪಾಗಿ ಓದಿದ್ದಾರೆ, ಅಥವಾ ನಿಮ್ಮ ಸಂಖ್ಯೆಯ ಫಲಕವನ್ನು ಇನ್ನೊಬ್ಬ ಹಾಕಿಕೊಂಡಿದ್ದಾನೆ. ಎರಡನೆಯದು ಅಪಾಯಕಾರಿ. ಕೂಡಲೇ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ತಪ್ಪು ನಿಮ್ಮದೇ ಎಂದು ಕಂಡರೆ ಚಲನ್‌ನಲ್ಲಿ ಸೂಚಿಸಿದ ಅವಧಿಯೊಳಗೆ ಕಟ್ಟಿ ರಸೀದಿಯನ್ನು ಇಟ್ಟುಕೊಳ್ಳಿರಿ. ಅವಧಿ ಮೀರಿ ಪ್ರಕರಣ ವರ್ಚುವಲ್ ಕೋರ್ಟಿಗೆ ಹೋಗಿದ್ದರೆ ಆ ತಾಣದಲ್ಲಿಯೂ ವಾಹನ ಸಂಖ್ಯೆಯಿಂದ ಹುಡುಕಬಹುದು. ಅಲ್ಲಿ ಎರಡು ದಾರಿಗಳಿವೆ: ನ್ಯಾಯಾಲಯ ಸೂಚಿಸಿದ ದಂಡವನ್ನು ಮನೆಯಿಂದಲೇ ಕಟ್ಟುವುದು, ಇಲ್ಲವೇ ತಕರಾರು ಇದೆ ಎಂದು ತಿಳಿಸುವುದು. ತಕರಾರು ಹೇಳಿದರೆ ಪ್ರಕರಣ ಸಾಮಾನ್ಯ ನ್ಯಾಯಾಲಯಕ್ಕೆ ಬರುತ್ತದೆ. ಮಾಡದ ತಪ್ಪನ್ನು ಒಪ್ಪಿಕೊಳ್ಳಬೇಕೆಂದು ಧರ್ಮ ಹೇಳುವುದಿಲ್ಲ. ಮಾಡಿದ ತಪ್ಪನ್ನು ಅಲ್ಲಗಳೆಯಲೂ ಅದು ಬಿಡುವುದಿಲ್ಲ. ರೋಣ ಮತ್ತು ನರಗುಂದದ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕಡಿಮೆ ಆದಾಯದವರು ಅಲ್ಲಿ ಉಚಿತ ನೆರವು ಪಡೆಯಬಹುದು. ಕಚೇರಿಯಲ್ಲಿ ನಿಮ್ಮ ದಾಖಲೆಯ ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಹಾಕಿರಿ. 30 ದಿನಗಳೊಳಗೆ ಉತ್ತರ ಕೊಡಬೇಕು.

ರಿಯಾಯಿತಿ ಬರಲಿ ಎಂದು ಕಾಯುವವರೂ ಇದ್ದಾರೆ. ಬಾಕಿ ದಂಡಕ್ಕೆ ಅರ್ಧದಷ್ಟು ವಿನಾಯಿತಿಯನ್ನು ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲಿ ಕೊಟ್ಟಿತು, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೆ ಕೊಟ್ಟಿತು. ಸಿಕ್ಕ ವಿನಾಯಿತಿಯನ್ನು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನು ನಂಬಿ ದಂಡದ ಮೇಲೆ ದಂಡ ಪೇರಿಸುವುದು ಜಾಣತನವಲ್ಲ. ಹನಿಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಮಾತ್ರವಲ್ಲ, ಸಾಲಕ್ಕೂ ಸಲ್ಲುತ್ತದೆ. ಬಾಕಿ ಇದ್ದಾಗ ವಾಹನದ ಹೆಸರು ಬದಲಾವಣೆಯಂತಹ ಕೆಲಸಗಳು ತಡೆಯಾಗಬಹುದು. ಸಂತೆಗೆ ಈರುಳ್ಳಿ ಒಯ್ಯುವ ಟಂಟಂ ಒಂದು ದಿನ ನಿಂತರೂ ಆ ಮನೆಯ ಒಲೆಗೆ ಏಟು ಬೀಳುತ್ತದೆ.

ಇಲ್ಲಿ ಮೋಸಗಾರರ ಬಗ್ಗೆಯೂ ಒಂದು ಮಾತು. ನಿಮ್ಮ ಮೇಲೆ ಚಲನ್ ಇದೆ, ಈ ಫೈಲನ್ನು ತೆರೆಯಿರಿ ಎಂದು ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳನ್ನು ಮುಟ್ಟಬೇಡಿರಿ. ಅದನ್ನು ತೆರೆದರೆ ಫೋನು ಕಳ್ಳರ ಕೈಗೆ ಹೋಗುತ್ತದೆ, ಬ್ಯಾಂಕಿನ ಹಣವೂ ಹೋಗುತ್ತದೆ. ಚಲನ್ ಇದೆಯೋ ಇಲ್ಲವೋ ಎಂಬುದನ್ನು ನೀವಾಗಿ ಸರ್ಕಾರಿ ತಾಣಕ್ಕೆ ಹೋಗಿಯೇ ನೋಡಿರಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ರಸೀದಿ ಬ್ಯಾಡ್ರಿ ಎನ್ನುವ ಮಾತು

ರಸ್ತೆಯಲ್ಲಿ ತಡೆದಾಗ ನಮ್ಮ ಬಾಯಿಂದ ಸುಲಭವಾಗಿ ಬರುವ ಮಾತೊಂದಿದೆ: “ರಸೀದಿ ಬ್ಯಾಡ್ರೀ ಸಾಹೇಬ್ರ, ಇಷ್ಟರಾಗ ಮುಗಸ್ರಿ.” ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರದ ತಿದ್ದುಪಡಿ 1,000 ರೂ. ದಂಡ ಹೇಳಿತ್ತು, ನಮ್ಮ ರಾಜ್ಯ 2019ರ ಸೆಪ್ಟೆಂಬರ್‌ನಲ್ಲಿ ಅದನ್ನು 500ಕ್ಕೆ ಇಳಿಸಿತು. ಆ ಐನೂರನ್ನೂ ಇನ್ನೂರಕ್ಕೆ ಇಳಿಸಲು ನಾವು ಹವಣಿಸುತ್ತೇವೆ. ಉಳಿದದ್ದು ಮುನ್ನೂರು ರೂಪಾಯಿ. ಹೋದದ್ದು ಏನು? ಲಂಚ ಕೊಡುವವನನ್ನೂ ತೆಗೆದುಕೊಳ್ಳುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ. ತೆಗೆದುಕೊಂಡವನನ್ನು ಬಯ್ಯುತ್ತ ನಾವು ಮನೆಗೆ ಬರುತ್ತೇವೆ, ಶಾಪದಲ್ಲಿ ನಮಗೂ ಸಮಪಾಲು ಇದೆಯೆಂಬುದನ್ನು ಮರೆಯುತ್ತೇವೆ. ದೇಶದ ಕಾನೂನೂ ಇದನ್ನೇ ಹೇಳುತ್ತದೆ: 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಒಳಗಾಗಿ ಕೊಟ್ಟವನು ಏಳು ದಿನಗಳೊಳಗೆ ವರದಿ ಮಾಡಿದರೆ ಅವನಿಗೆ ರಕ್ಷಣೆಯಿದೆ.

ಆದ್ದರಿಂದ ದಂಡ ಕೊಡುವಾಗ ವಿನಯದಿಂದ ರಸೀದಿ ಕೇಳಿರಿ. ಲೈಸನ್ಸ್ ವಶಕ್ಕೆ ತೆಗೆದುಕೊಂಡರೆ ಅದಕ್ಕೆ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಬೇಕೆಂದು ಕಾಯಿದೆಯಲ್ಲಿದೆ. ಅದನ್ನು ಕೇಳುವುದು ಜಗಳವಲ್ಲ, ಹಕ್ಕು. ಬಿಸಿಲಲ್ಲಿ ನಿಂತ ಪೊಲೀಸನೂ ಒಬ್ಬ ಮನೆಯ ಮಗ. ರಸೀದಿ ಕೇಳುವ ಸವಾರ ಪ್ರಾಮಾಣಿಕನಾದ ಪೊಲೀಸನ ಕೈಯನ್ನೂ ಬಲಪಡಿಸುತ್ತಾನೆ.

ಹೆಸರು ಒಬ್ಬರದು, ಸವಾರಿ ಇನ್ನೊಬ್ಬರದು

ಈಗ ಅತಿ ಹೆಚ್ಚು ಮನೆಗಳನ್ನು ಮುಳುಗಿಸುವ ವಿಷಯಕ್ಕೆ ಬರುತ್ತೇನೆ. ಹಳೆಯ ಬೈಕನ್ನು ಪರಿಚಯದವರಿಗೆ ಮಾರುತ್ತೇವೆ. ಹಣ ಎಣಿಸಿಕೊಂಡು, ಆರ್.ಸಿ. ಕೊಟ್ಟು, ಚಹಾ ಕುಡಿದು ಎದ್ದು ಬರುತ್ತೇವೆ. ಹೆಸರು ಬದಲಾವಣೆ ಅವರೇ ಮಾಡಿಸಿಕೊಳ್ಳುತ್ತಾರೆ ಎಂಬ ನಂಬಿಕೆ. ಅವರು ಇನ್ನೊಬ್ಬರಿಗೆ ಮಾರುತ್ತಾರೆ. ಬೈಕು ಮೂರು ಊರು ಸುತ್ತುತ್ತದೆ. ದಂಡದ ದಾಖಲೆ ಮಾತ್ರ ಮೊದಲಿನವನ ಹೆಸರಿನಲ್ಲಿಯೇ ಬೆಳೆಯುತ್ತದೆ. ದಂಡವಾದರೆ ಹೇಗೋ ತೀರಿಸಬಹುದು. ಆ ಬೈಕು ಒಬ್ಬ ಕೂಲಿಯ ಜೀವ ತೆಗೆದರೆ? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಆ ಪ್ರಕರಣದಲ್ಲಿಯೂ ವಾಹನ ಕೈಯಿಂದ ಕೈಗೆ ಮಾರಾಟವಾಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ. ವಿಮೆಯೂ ಮುಗಿದಿದ್ದರೆ ಹೊಲ ಮನೆ ಮಾರಬೇಕಾದೀತು.

ಕಾಯಿದೆ ಇದಕ್ಕೆ ದಾರಿ ತೋರಿಸಿದೆ. ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ನಮೂನೆ 29 ಮತ್ತು 30 ಇರುವುದು ಇದಕ್ಕಾಗಿಯೇ. ಅವನ್ನು ತುಂಬಿ ಸಲ್ಲಿಸಿ, ದಾಖಲೆಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮಾರಾಟ ಮುಗಿಯಿತೆಂದು ತಿಳಿಯಿರಿ. ಕೊಳ್ಳುವವರೂ ಹಣ ಕೊಡುವ ಮೊದಲು ಆ ವಾಹನದ ಮೇಲಿನ ಬಾಕಿಯನ್ನು ಹುಡುಕಿ ನೋಡಲಿ. ಮಾರುವ ವಸ್ತುವಿನ ದೋಷವನ್ನು ಬಚ್ಚಿಡಬಾರದೆಂಬುದು ಪ್ರವಾದಿ(ಸ) ಅವರ ಕಟ್ಟಪ್ಪಣೆ. ಬಾಕಿ ದಂಡವೂ ಒಂದು ದೋಷವೇ.

ಇನ್ನೊಂದು ಪದ್ಧತಿಯನ್ನು ಗಮನಿಸಿರಿ. ಸಾಲದ ಅನುಕೂಲಕ್ಕೆಂದು ಬೈಕನ್ನು ತಾಯಿಯ ಹೆಸರಿನಲ್ಲಿಯೋ ಹೆಂಡತಿಯ ಹೆಸರಿನಲ್ಲಿಯೋ ತೆಗೆದುಕೊಳ್ಳುತ್ತೇವೆ. ಓಡಿಸುವವನು ಮಗ. ಆತನಿಗೆ ಹದಿನಾರು ವರ್ಷ, ಲೈಸನ್ಸ್ ಇಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ 199ಎ ಕಲಮಿನಂತೆ ಅಪ್ರಾಪ್ತ ವಯಸ್ಸಿನವನು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂ. ದಂಡವಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಸಿಗುವುದಿಲ್ಲ. ತಮ್ಮ ಅರಿವಿಲ್ಲದೆ ನಡೆಯಿತೆಂದು ಸಾಬೀತುಪಡಿಸುವ ಭಾರವೂ ಹಿರಿಯರದೇ. ಎಂದೂ ಹ್ಯಾಂಡಲ್ ಮುಟ್ಟದ ಅಮ್ಮನ ಹೆಸರಿಗೆ ಸಮನ್ಸ್ ಬಂದರೆ ಆಕೆಯ ಎದೆ ಎಷ್ಟು ನಡುಗೀತು? ತಾಯಿಯ ಪಾದದಡಿ ಸ್ವರ್ಗವನ್ನು ಹುಡುಕಬೇಕಾದ ಮಗ ಆಕೆಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸುವುದೇ?

ಕಟ್ಟಿದರೆ ತೀರಿತೇ?

ಸಹೋದರ ಸಹೋದರಿಯರೇ, ದಂಡ ಕಟ್ಟಿದರೆ ಸರ್ಕಾರದ ಲೆಕ್ಕ ತೀರುತ್ತದೆ. ದಾರಿಹೋಕನ ಲೆಕ್ಕ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಸುಮಾರು 50,000 ಮಂದಿ ಹೆಲ್ಮೆಟ್ ಇಲ್ಲದವರು. ಇವು ಬರೀ ಅಂಕಿಗಳಲ್ಲ. ಪ್ರತಿಯೊಂದು ಅಂಕಿಯ ಹಿಂದೆ ಊಟಕ್ಕೆ ಕಾದು ಕುಳಿತ ಒಂದು ಮನೆಯಿತ್ತು.

ದಾರಿಯಲ್ಲಿ ಕುಳಿತುಕೊಳ್ಳುವವರೂ ದಾರಿಯ ಹಕ್ಕನ್ನು ಸಲ್ಲಿಸಬೇಕು, ಯಾರಿಗೂ ತೊಂದರೆ ಕೊಡಬಾರದು ಎಂದು ಪ್ರವಾದಿ(ಸ) ಕಲಿಸಿದರು. ದಾರಿಯಿಂದ ಮುಳ್ಳನ್ನು ತೆಗೆಯುವುದು ಈಮಾನಿನ ಒಂದು ಶಾಖೆಯಾದರೆ, ಬೈಕನ್ನೇ ದಾರಿಯ ಮುಳ್ಳಾಗಿ ನಿಲ್ಲಿಸುವುದು ಯಾವುದರ ಶಾಖೆ? ಜುಮಾ ನಮಾಝಿಗೆ ತಡವಾಯಿತೆಂದು ಮಸೀದಿಯ ಮುಂದೆ ರಸ್ತೆಗೆ ಅಡ್ಡವಾಗಿ ಗಾಡಿ ನಿಲ್ಲಿಸಿ ಒಳಗೆ ಹೋಗಿ ಸುಜೂದ್ ಮಾಡುತ್ತೇವೆ. ಹೊರಗೆ ಗರ್ಭಿಣಿಯನ್ನು ಕರೆತಂದ ಆಟೋ ದಾರಿ ಕಾಯುತ್ತಿರುತ್ತದೆ. ಹಬ್ಬದ ದಿನ ಹೊಸ ಬಟ್ಟೆ ತೊಟ್ಟ ಮೂವರು ಹುಡುಗರು ಒಂದೇ ಬೈಕಿನಲ್ಲಿ ಸೈಲೆನ್ಸರ್ ಕಿತ್ತು ಓಡಿಸುತ್ತಾರೆ. ನಡಿಗೆಯಲ್ಲಿ ಮಿತವಿರಲಿ, ದನಿ ತಗ್ಗಿರಲಿ ಎಂದು ಲುಕ್ಮಾನರು ಮಗನಿಗೆ ಹೇಳಿದ ಬುದ್ಧಿಮಾತು ಇವರಿಗೂ ಅಲ್ಲವೇ?

ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಜನರ ಹಕ್ಕುಗಳನ್ನು ತುಳಿದದ್ದರಿಂದ ಪರಲೋಕದಲ್ಲಿ ದಿವಾಳಿಯಾಗಿ ನಿಲ್ಲುವವನ ಕುರಿತು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹಾಕದ ಬ್ರೇಕು, ತೋರಿಸದ ಕೈ, ಮುಗಿದುಹೋದ ವಿಮೆ, ಇವೆಲ್ಲವೂ ಅಂತಹ ಹಕ್ಕುಗಳೇ. ಯಾವ ಕ್ಯಾಮೆರಾಕ್ಕೂ ಸಿಗದೆ ಉಳಿದದ್ದು ಬರೆಯಲ್ಪಡದೆ ಉಳಿಯುವುದಿಲ್ಲ.

ಇಂದೇ, ಇಶಾ ನಮಾಝಿನ ಬಳಿಕ ಒಂದು ಕಾಲು ಗಂಟೆ ಬಿಡುವು ಮಾಡಿಕೊಳ್ಳಿರಿ. ಮನೆಯ ಎಲ್ಲ ವಾಹನಗಳ ಆರ್.ಸಿ. ತೆಗೆಯಿರಿ. ಯಾರ ಹೆಸರಿದೆ, ಯಾವ ಫೋನ್ ಸಂಖ್ಯೆ ಕೊಟ್ಟಿದೆ, ವಿಮೆ ಯಾವ ದಿನಕ್ಕೆ ಮುಗಿಯುತ್ತದೆ, ಬಾಕಿ ಎಷ್ಟಿದೆ ನೋಡಿರಿ. ಮಾರಿದ ಬೈಕು ಇನ್ನೂ ನಿಮ್ಮ ಹೆಸರಿನಲ್ಲಿಯೇ ಇದ್ದರೆ ನಾಳೆಯೇ ಕೊಂಡವರನ್ನು ಕಂಡು ಮಾತನಾಡಿರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಿರಿ. ತಂದೆ ತನ್ನ ಲೆಕ್ಕವನ್ನು ತಾನೇ ತೆರೆದು ನೋಡುವುದನ್ನು ಕಂಡ ಮಗ ಅದನ್ನು ಮರೆಯುವುದಿಲ್ಲ.

ತಿದ್ದಲು ಸಾಧ್ಯವಿರುವಾಗಲೇ ನಮ್ಮ ಲೆಕ್ಕಗಳನ್ನು ತಿದ್ದಿಕೊಳ್ಳುವ ಬುದ್ಧಿಯನ್ನೂ, ನಮ್ಮಿಂದ ಯಾವ ದಾರಿಹೋಕನಿಗೂ ಕೇಡಾಗದಂತೆ ನಡೆಯುವ ಸನ್ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.